ವನಸುಮ ಮತ್ತು ಬಂಡೆಯ ಹೂವು: ಡಿವಿಜಿ ಕಾವ್ಯದ ಒಂದು ಪ್ರತಿಮೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಅದೇ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರ ‘ವನಸುಮ’ ಕನ್ನಡಿಗರಿಗೆ ಚಿರಪರಿಚಿತವಾದ ಕಾಡುಹೂವಿನ ಕವಿತೆ. ಅದನ್ನು ನಿಸರ್ಗಗೀತೆಯೆಂದು ಓದುವುದು ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆಯನ್ನು ಈ ಸೀಮೆಯ ಕಲ್ಲುಬೆಟ್ಟಗಳೇ ಎತ್ತುತ್ತವೆ.

ಕವಿತೆಯ ಹೂವು ಮಲ್ಲಿಗೆ. ಅದು ಎಲೆಯ ಮರೆಯಲ್ಲಿ ಸದ್ದಿಲ್ಲದೆ ಅರಳಿ, ಹೊಗಳಿಕೆಯನ್ನು ಬಯಸದೆ ಧನ್ಯವಾಗುತ್ತದೆ. ಕಾಡಿನಲ್ಲಿದ್ದರೂ ಅದರ ಸಾರ್ಥಕತೆ ಜನರ ಸಂತೋಷದೊಡನೆ ಹೆಣೆದುಕೊಂಡಿದೆ. 1943ರ ‘ಮಂಕುತಿಮ್ಮನ ಕಗ್ಗ’ದ ಪ್ರಸಿದ್ಧ ಪದ್ಯವೊಂದರಲ್ಲಿ ಮಲ್ಲಿಗೆ ಮನೆಗೇ ಬಂದಿದೆ, ಬೆಟ್ಟಕ್ಕೆ ದೊರೆತಿರುವುದು ಬುಡದ ಹುಲ್ಲು ಮಾತ್ರ. ಕಲ್ಲಿಗೆ ಕಷ್ಟಗಳನ್ನು ಸಹಿಸುವ ಕೆಲಸ. ಆ ಕಲ್ಲಿನ ಬಿರುಕಿನಲ್ಲಿಯೂ ಹೂವರಳಬಹುದೆಂಬ ಸಾಧ್ಯತೆ ಎರಡೂ ಪದ್ಯಗಳ ಹೊರಗೇ ಉಳಿಯುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟ, ಚಿಂತಾಮಣಿಯ ಅಂಬಾಜಿದುರ್ಗಗಳಿರುವ ಸೀಮೆಯ ಕವಿಯಲ್ಲಿ ಇದು ಕುತೂಹಲಕರ. ಕೊರತೆಯೆನ್ನಲಾಗದು. ಪತ್ರಿಕೆ ನಡೆಸಿ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿದ ಕವಿಗೆ ಹೂವು ಸಾರ್ವಜನಿಕ ಜೀವನದ ಆದರ್ಶ. ಸಸ್ಯವಾಗಿ ಅದು ಅವರ ಆಸಕ್ತಿಯ ಕೇಂದ್ರವಲ್ಲ.

ಪೂರ್ವ ಕರ್ನಾಟಕದ ಒಣ ಬೆಟ್ಟಗಳ ಬಂಡೆಬಿರುಕುಗಳಲ್ಲಿ ಬೇರೂರುವ ಮಾಕಳಿ ಬಳ್ಳಿಯನ್ನು ಈ ಪ್ರತಿಮೆಯ ಪಕ್ಕದಲ್ಲಿಟ್ಟು ನೋಡಬಹುದು. 1834ರಲ್ಲಿ ವೈಟ್ ಮತ್ತು ಆರ್ನಟ್ ‘ಡೆಕಾಲೆಪಿಸ್ ಹ್ಯಾಮಿಲ್ಟೋನಿ’ ಎಂದು ಹೆಸರಿಸಿದ, ದಕ್ಷಿಣ ಭಾರತಕ್ಕೆ ಸೀಮಿತವಾದ ಈ ಸಸ್ಯದ ಪುಟ್ಟ ಹೂವನ್ನು ಗುರುತಿಸುವವರು ವಿರಳ. ಉಪ್ಪಿನಕಾಯಿಯಾಗುವ ಬೇರನ್ನು ಬಲ್ಲವರು ಬಹಳ. ಅದರ ಹೆಸರಾಂತ ಕಂಪು ಇರುವುದೂ ಬೇರಿನಲ್ಲಿ. ಬೇರನ್ನು ಪೂರ್ತಿ ಅಗೆದರೆ ಬಳ್ಳಿ ಉಳಿಯದು. ಅತಿಯಾದ ಅಗೆತದಿಂದಾಗಿ ಅದು ಇಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಪ್ರಭೇದವಾಗಿ ದಾಖಲಾಗಿದೆ.

ತೋರಿಸಿಕೊಳ್ಳದೆ ಕಂಪು ಕೊಡುವ ಗುಣ ಎರಡಕ್ಕೂ ಸಮಾನ. ಆದರೆ ಮಲ್ಲಿಗೆ ಕೊಟ್ಟ ಮೇಲೂ ಮತ್ತೆ ಅರಳುತ್ತದೆ. ಮಾಕಳಿ ಕೊಟ್ಟು ಇಲ್ಲವಾಗುತ್ತದೆ. ಅಜ್ಞಾತ ಸೇವೆಯು ಸೇವಕನನ್ನು ಬರಿದುಮಾಡದು ಎಂಬ ಭರವಸೆಯ ಮೇಲೆ ‘ವನಸುಮ’ ನಿಂತಿದೆ. ಅಲ್ಲಿನ ಸಂಬೋಧನೆ ಗುರುವಿಗೆ, ದೇವನಿಗೆ. ಕಂಪನ್ನು ಪಡೆಯುವ ಜನರ ಪ್ರಸ್ತಾಪವಿದೆಯೇ ಹೊರತು ಅವರನ್ನು ಕುರಿತು ಒಂದು ಮಾತೂ ಆ ಪ್ರಾರ್ಥನೆಯಲ್ಲಿಲ್ಲ.