ಎಚ್ಚರಿಕೆ ಬೆಂಗಳೂರಿಗೆ ಬಂದಿತ್ತು

2013ರ ನವೆಂಬರ್ 30, ಶನಿವಾರ. ಅಮೆರಿಕದ ಟಾರ್ಗೆಟ್ ಮಳಿಗೆಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ವ್ಯಾಪಾರದ ಭರಾಟೆ. ಅವುಗಳ ನೆಟ್‌ವರ್ಕ್ ಕಾಯುತ್ತಿದ್ದ ತಂಡವೊಂದು ಕೂತಿದ್ದದ್ದು ನಮ್ಮ ಬೆಂಗಳೂರಿನಲ್ಲಿ. ಒಳಗೆ ಮಾಲ್‌ವೇರ್ ಇಳಿದಿರುವುದನ್ನು ಫೈರ್‌ಐ ಪತ್ತೆ ವ್ಯವಸ್ಥೆ ಹಿಡಿದು ಅಲರ್ಟ್ ಕೊಟ್ಟಿತು, ಬೆಂಗಳೂರಿನವರು ಅದನ್ನು ಟಾರ್ಗೆಟ್ ಮುಖ್ಯ ಕಚೇರಿಯಿರುವ ಮಿನಿಯಾಪೊಲಿಸ್‌ಗೆ ಮುಟ್ಟಿಸಿದರು. ಅಲ್ಲಿಗೆ ನಿಂತಿತು. ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳ್ಳರ ಕೈಸೇರಿತು. ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ 2014ರಲ್ಲಿ ಇದನ್ನು ವರದಿ ಮಾಡಿತು. ಸಂಕೇತಗಳನ್ನು ಪರಿಶೀಲಿಸಿ, ತಕ್ಷಣದ ಕ್ರಮ ಬೇಕಿಲ್ಲವೆಂದು ತೀರ್ಮಾನಿಸಿದ್ದಾಗಿ ಟಾರ್ಗೆಟ್ ಕಂಪನಿ ಹೇಳಿಕೊಂಡಿತು.

ಯಂತ್ರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಆದರೆ ಅದು ಕೊಟ್ಟ ಹೆಸರು ನೋಡಿ: 'ಮಾಲ್‌ವೇರ್.ಬೈನರಿ'. ಯಾವ ಜಾತಿಯದು, ಏನು ಕದಿಯುತ್ತಿದೆ, ಎಷ್ಟು ಅವಸರ? ಆ ಎರಡು ಪದಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ನನ್ನ ಮೊದಲ ತಕರಾರು ಇದೇ. ಓದುವವನಿಗೆ ಅರ್ಥವಾಗದ ಎಚ್ಚರಿಕೆ ಅರ್ಧ ಎಚ್ಚರಿಕೆ.

ಈ ವಿಷಯದಲ್ಲಿ 1998ರಲ್ಲಿ ಮಾರ್ಟಿನ್ ರೋಶ್ ಬರೆದ ಸ್ನಾರ್ಟ್ ಎಂಬ ದಾಳಿ ಪತ್ತೆ ತಂತ್ರಾಂಶ ನನಗೆ ಹೆಚ್ಚು ಮೆಚ್ಚುಗೆ. ಅದರ ಒಂದೊಂದು ನಿಯಮವೂ ಒಂದು ಸಾಲು: ಎಲ್ಲಿಂದ ಎಲ್ಲಿಗೆ, ಯಾವ ಪೋರ್ಟ್, ಪ್ಯಾಕೆಟ್‌ನೊಳಗೆ ಏನಿದ್ದರೆ ಕೂಗಬೇಕು. ಅಲರ್ಟ್ ಏಕೆ ಬಂತೆಂದು ಬೇಕಾದವರು ತೆರೆದು ಓದಬಹುದು. ಹಾಗೆಂದು, ನಿಯಮ ಬರೆದಿರದ ಹೊಸ ದಾಳಿ ಅದರ ಕಣ್ಣು ತಪ್ಪಿಸಿಕೊಳ್ಳಬಹುದು. ಕಂಪ್ಯೂಟರ್ ವಿಜ್ಞಾನಿ ಡೊರೊತಿ ಡೆನ್ನಿಂಗ್ 1987ರ ಪ್ರಬಂಧದಲ್ಲಿ ವಿವರಿಸಿದ ದಾರಿ, ದಿನನಿತ್ಯದ ನಡವಳಿಕೆಯಿಂದ ಹೊರಳಿದ್ದನ್ನು ಗುರುತಿಸುವುದು, ಬೇಕಾಗುವುದು ಅಲ್ಲಿ.

ಈ ಎರಡು ದಾರಿಗಳಿಗೂ ಒಂದೇ ಶತ್ರು, ಲೆಕ್ಕ. ದಿನಕ್ಕೆ 10 ಲಕ್ಷ ಘಟನೆ, ಅದರಲ್ಲಿ ನಿಜವಾದ ದಾಳಿ ಹತ್ತು ಎಂದಿಟ್ಟುಕೊಳ್ಳಿ. ನೂರಕ್ಕೆ ಒಂದು ಸಲ ತಪ್ಪಾಗಿ ಕೂಗಿದರೂ ಹತ್ತು ಸಾವಿರ ಸುಳ್ಳು ಅಲರ್ಟ್. ರಾತ್ರಿ ಪಾಳಿಯವನು ಅವುಗಳ ನಡುವೆ ಆ ಹತ್ತನ್ನು ಹೆಕ್ಕಬೇಕು. ಅವನು ಸೋತರೆ ಸೋಮಾರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಮ್ಮ ನೆಟ್‌ವರ್ಕ್‌ಗೆ ಹೊಂದದ ನಿಯಮಗಳನ್ನು ವಾರವಾರ ಕಿತ್ತು ಸರಿಪಡಿಸುವ ಜನ ಇಲ್ಲದ ಕಡೆ ಇಂಥ ವ್ಯವಸ್ಥೆ ಕೊಂಡರೆ ದುಡ್ಡು ದಂಡ.

ಮಾಲ್‌ವೇರನ್ನು ತಾನೇ ಅಳಿಸಿಹಾಕುವ ಸೌಲಭ್ಯ ಫೈರ್‌ಐನಲ್ಲಿತ್ತು, ಟಾರ್ಗೆಟ್‌ನಲ್ಲಿ ಅದನ್ನು ಆಫ್ ಮಾಡಿದ್ದರೆಂದು ಅದೇ ಬ್ಲೂಮ್‌ಬರ್ಗ್ ವರದಿ ಹೇಳುತ್ತದೆ. ಅದನ್ನು ನಾನು ತಪ್ಪೆನ್ನಲಾರೆ. ಯಂತ್ರ ಎಡವಿದರೆ ಹಬ್ಬದ ದಿನ ಬಿಲ್ಲಿಂಗ್ ಕೌಂಟರ್‌ಗಳೇ ನಿಂತುಹೋಗಬಹುದು. ಆದರೆ ಯಂತ್ರದಿಂದ ಕಿತ್ತುಕೊಂಡ ಅಧಿಕಾರವನ್ನು ಪರದೆಯ ಮುಂದೆ ಕೂತವರಿಗೆ ಕೊಡಬೇಕು: ಅನುಮಾನ ಬಂದ ಕಂಪ್ಯೂಟರನ್ನು ಆ ಕ್ಷಣವೇ ನೆಟ್‌ವರ್ಕ್‌ನಿಂದ ಬೇರ್ಪಡಿಸುವ ಅಧಿಕಾರ, ಮಿನಿಯಾಪೊಲಿಸ್‌ನ ಉತ್ತರಕ್ಕೆ ಕಾಯದೆ.