ಮಾಳಿಗೆ ಇದ್ದವರ ಮಳೆ

ಹಸಿರು ಎಂಬ ಮಾತು ಈಗ ಮೊಹರು ಹಾಕಿಸಿಕೊಂಡು ಬರುತ್ತಿದೆ. ಹಸಿರು ಕಟ್ಟಡ, ಹಸಿರು ಬಡಾವಣೆ, ಸುಸ್ಥಿರ ನಗರ. ವಿಜಯನಗರದಿಂದ ಕೆಂಗೇರಿಗೆ ಹೋಗುವ ದಾರಿಯುದ್ದಕ್ಕೂ ಅಪಾರ್ಟ್‌ಮೆಂಟಿನ ಬೋರ್ಡುಗಳು ಇದನ್ನೇ ಕೂಗುತ್ತಿವೆ. ಶಾಲೆಯ ಪಾಠದಲ್ಲೂ ಸುಸ್ಥಿರ ಅಭಿವೃದ್ಧಿ ಬಂದಿದೆ, ಹಳ್ಳಿಯ ಮೇಷ್ಟ್ರು ಅದನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದಾರೆ. ಒಂದು ಪದ ಇಷ್ಟು ಸಲೀಸಾಗಿ ಎಲ್ಲರ ಬಾಯಲ್ಲಿ ಓಡಾಡತೊಡಗಿದಾಗ ಅದು ಯಾರ ಕೆಲಸ ಮಾಡುತ್ತಿದೆ ಎಂದು ಕೇಳುವುದು ವಿಮರ್ಶೆಯ ಕರ್ತವ್ಯ. ಪದ್ಯವನ್ನಷ್ಟೇ ವಿಮರ್ಶೆ ಮಾಡಬೇಕು, ಮನೆಯನ್ನು ಮಾಡಬಾರದು ಅಂತ ಯಾವ ಕಾನೂನೂ ಇಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದರ ಹಿಂದೆ ಇದ್ದದ್ದು ಒಂದೇ ಪ್ರಶ್ನೆ: ಇದರಲ್ಲಿ ನಮ್ಮ ಜನ ಎಲ್ಲಿದ್ದಾರೆ? ಅದೇ ಪ್ರಶ್ನೆಯನ್ನು ನಾವು ಹಸಿರಿನ ಮುಂದೆ ಇಡುತ್ತೇವೆ.

ಮೊದಲು ಒಳ್ಳೆಯದನ್ನೇ ತೆಗೆದುಕೊಳ್ಳೋಣ. ಕೆಟ್ಟದ್ದನ್ನು ಬಯ್ಯುವುದು ಸುಲಭ, ಅದಕ್ಕೆ ವಿಮರ್ಶೆ ಬೇಕಿಲ್ಲ. ವಿಜಯನಗರದಲ್ಲಿ 'ಸೌರಭ' ಎಂಬ ಮನೆ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ದುಡಿದ ವಿಜ್ಞಾನಿ ಎ.ಆರ್. ಶಿವಕುಮಾರ್ ತೊಂಬತ್ತರ ದಶಕದ ಮಧ್ಯದಲ್ಲಿ ಕಟ್ಟಿಸಿದ ಮನೆ. ಜಲಮಂಡಳಿಯ ನಲ್ಲಿ ಇಲ್ಲದೆ, ಮಳೆ ನೀರಿನಲ್ಲೇ ಈ ಮನೆ ವರ್ಷಗಟ್ಟಲೆ ಬದುಕಿತು. ಅವರು ಮಾಡಿದ ಲೆಕ್ಕ ಸರಳ, ಆದರೆ ಗಟ್ಟಿ. ಬೆಂಗಳೂರಿನ ನೂರು ವರ್ಷಗಳ ಮಳೆಯ ದಾಖಲೆ ನೋಡಿದರು. ಒಂದು ಒಳ್ಳೆಯ ಮಳೆಗೂ ಇನ್ನೊಂದಕ್ಕೂ ನಡುವೆ ಹೆಚ್ಚೆಂದರೆ ನೂರು ದಿನದ ಅಂತರ ಬೀಳುತ್ತದೆ ಎಂದು ಕಂಡರು. ಮನೆಗೆ ದಿನಕ್ಕೆ ಸುಮಾರು 400 ಲೀಟರ್ ಬೇಕು. ಹಾಗಾದರೆ 40,000 ಲೀಟರ್ ಕೂಡಿಟ್ಟರೆ ಸಾಕು. ಸುಮಾರು 45,000 ಲೀಟರ್ ಹಿಡಿಯುವಷ್ಟು ತೊಟ್ಟಿ, ಸಂಪು ಮಾಡಿಸಿದರು. ಮಿಕ್ಕ ನೀರನ್ನು ಭೂಮಿಗೆ ಇಳಿಸಿದರು.

ಇದು ದೊಡ್ಡ ಕೆಲಸ. ಕಾವೇರಿಯನ್ನು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರು ಮೇಲೆತ್ತಿ ತರುವ ಊರು ಇದು. 1974ರಲ್ಲಿ ಮೊದಲ ಹಂತ ಬಂತು, 2024ರ ಅಕ್ಟೋಬರಿನಲ್ಲಿ ಐದನೆಯದೂ ಬಂತು. ಐದನೆಯ ಹಂತ ಬರುವ ಆರೇಳು ತಿಂಗಳ ಹಿಂದೆ, ಅದೇ ವರ್ಷದ ಬೇಸಿಗೆಯಲ್ಲಿ, ಟ್ಯಾಂಕರಿನ ಹಿಂದೆ ಇಡೀ ಊರು ಓಡಿತು. ಅಂಥ ಕಡೆ, ತಲೆಯ ಮೇಲೆ ಬಿದ್ದ ನೀರನ್ನು ಹಿಡಿದುಕೊಳ್ರಯ್ಯಾ ಎಂದು ಮಾಡಿ ತೋರಿಸಿದವರಿಗೆ ನಾವು ಕೈ ಮುಗಿಯುತ್ತೇವೆ. ನಮ್ಮ ತಕರಾರು ಈ ಮನೆಯ ಮೇಲಲ್ಲ. ಈ ಮನೆಯನ್ನು ತೋರಿಸಿ, 'ನೋಡಿ, ಮನಸ್ಸಿದ್ದರೆ ಯಾರು ಬೇಕಾದರೂ ಮಾಡಬಹುದು' ಎಂದು ಉಪದೇಶ ಮಾಡುವವರ ಮೇಲೆ. ಆ 'ಯಾರು ಬೇಕಾದರೂ' ಎಂಬುದನ್ನು ಸ್ವಲ್ಪ ಬಿಚ್ಚಿ ನೋಡೋಣ.

ಮಳೆ ಜಾತಿ ನೋಡಿ ಬೀಳುವುದಿಲ್ಲ, ನಿಜ. ಆದರೆ ಅದನ್ನು ಹಿಡಿಯುವುದು ಮಾಳಿಗೆ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ. ನಲವತ್ತು ಅರವತ್ತರ ಸೈಟೆಂದರೆ 2,400 ಚದರಡಿ, ಅಂದರೆ ಸುಮಾರು 223 ಚದರ ಮೀಟರ್. ಆ ಸೈಟಿನ ಮೇಲೆ ವರ್ಷಕ್ಕೆ ಎರಡು ಲಕ್ಷ ಲೀಟರಿಗೂ ಮೀರಿ ನೀರು ಬೀಳುತ್ತದೆ. ಈಗ ನಮ್ಮ ಕೇರಿಗೆ ಬನ್ನಿ. ಹತ್ತು ಹನ್ನೆರಡರ ಒಂದು ಶೀಟಿನ ಮನೆ, 120 ಚದರಡಿ, ಹನ್ನೊಂದು ಚದರ ಮೀಟರ್. ಒಂದು ಹನಿಯೂ ಸೋರದೆ ಹಿಡಿದರೂ ವರ್ಷಕ್ಕೆ ಹತ್ತು ಸಾವಿರದ ಏಳುನೂರು ಲೀಟರ್ ಆಸುಪಾಸು. ದಿನಕ್ಕೆ 29 ಲೀಟರ್. ಐದು ಜನರಿದ್ದರೆ ತಲೆಗೆ ಆರು ಲೀಟರೂ ಇಲ್ಲ. ಕುಡಿದು, ಮುಸುರೆ ತೊಳೆದರೆ ಮುಗಿಯಿತು. ಸ್ನಾನಕ್ಕೆ, ಕಕ್ಕಸಿಗೆ ಮತ್ತೆ ಬೀದಿ ನಲ್ಲಿಯೇ ಗತಿ.

ಹೋಗಲಿ, ಅಷ್ಟನ್ನೇ ಕೂಡಿಡೋಣ ಅಂದರೆ ಎಲ್ಲಿ? ಅದೇ ನೂರು ದಿನದ ಲೆಕ್ಕ ಹಾಕಿದರೆ ಮೂರು ಸಾವಿರ ಲೀಟರಿನ ತೊಟ್ಟಿ ಬೇಕು. ಒಂದೂವರೆ ಮೀಟರ್ ಎತ್ತರದ ತೊಟ್ಟಿ ಎರಡು ಚದರ ಮೀಟರ್ ಜಾಗ ತಿನ್ನುತ್ತದೆ. ಮನೆಯೇ ಹನ್ನೊಂದು ಚದರ ಮೀಟರ್! ಐದರಲ್ಲೊಂದು ಪಾಲು ನೀರಿಗೆ ಬಿಟ್ಟುಕೊಟ್ಟು ಮಕ್ಕಳನ್ನು ಎಲ್ಲಿ ಮಲಗಿಸುವುದು? ಇದು ಮನಸ್ಸಿನ ಪ್ರಶ್ನೆಯಲ್ಲ ಕಣ್ರಪ್ಪಾ, ನೆಲದ ಪ್ರಶ್ನೆ. ನೆಲ ಯಾರ ಕೈಯಲ್ಲಿದೆ ಎಂಬುದು ಈ ದೇಶದಲ್ಲಿ ಜಾತಿಯ ಪ್ರಶ್ನೆ. ಊರಿನಲ್ಲಿ ಬಾವಿಯ ಹತ್ತಿರ ಸೇರಿಸುತ್ತಿರಲಿಲ್ಲ, ಇಲ್ಲಿ ಚದರಡಿ ಕೇಳುತ್ತಾರೆ.

ಕಾನೂನೂ ಹಾಗೇ ಇದೆ. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು ಮಳೆಕೊಯ್ಲನ್ನು ಕಡ್ಡಾಯ ಮಾಡಿದರು. ಹಳೆಯ ಕಟ್ಟಡವಾದರೆ 2,400 ಚದರಡಿ ಸೈಟಿನಿಂದ ಮೇಲಕ್ಕೆ, ಹೊಸದಾದರೆ 1,200ರಿಂದ ಮೇಲಕ್ಕೆ. ಉಳ್ಳವನ ಮೇಲೆ ಹೊಣೆ ಹೊರಿಸಿದ್ದು ಸರಿಯೇ. ಆದರೆ 1,200ಕ್ಕಿಂತ ಕೆಳಗಿನವರ ಮಳೆಯ ಹೊಣೆ ಯಾರದು? ಕಾನೂನು ಅಲ್ಲಿಗೆ ಬಾಯಿ ಮುಚ್ಚಿಕೊಳ್ಳುತ್ತದೆ. ದಂಡ ಹಾಕಲೂ ನಾವು ಲೆಕ್ಕಕ್ಕಿಲ್ಲ, ನೀರು ಕೊಡಲೂ ಲೆಕ್ಕಕ್ಕಿಲ್ಲ.

ಮಣ್ಣಿನ ಕತೆಯೂ ಇಂಥದೇ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 'ಅಸ್ತ್ರ' ಎಂಬ ವಿಭಾಗ ಕಟ್ಟಿದರು. ಹಳ್ಳಿಗೆ ಹೊಂದುವ ತಂತ್ರಜ್ಞಾನ ಅವರ ಗುರಿ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಸೌದೆ ಉಳಿಯುತ್ತದೆ, ಮನೆ ತಂಪು. ಬಡವರ ಮನೆಗೆ ಎಂದು ಹುಟ್ಟಿದ ಇಟ್ಟಿಗೆ ಇವತ್ತು ಬೆಂಗಳೂರಿನಲ್ಲಿ ಉಳ್ಳವರ ಪರಿಸರಸ್ನೇಹಿ ಮನೆಗಳ ಗೋಡೆಯಲ್ಲಿ ಕೂತಿದೆ. ನಮ್ಮ ಅವ್ವಂದಿರು ಕೆಮ್ಮಣ್ಣು ಕಲಸಿ ಗೋಡೆ ಎತ್ತಿ, ಸಗಣಿ ಸಾರಿಸಿದಾಗ ಅದು ಸರ್ಕಾರದ ಕಡತದಲ್ಲಿ 'ಕಚ್ಚಾ ಮನೆ'. ಬಿದ್ದು ಹೋಗುವ ಮನೆ, ನಾಚಿಕೆಯ ಮನೆ. ಅದೇ ಮಣ್ಣು ವಾಸ್ತುಶಿಲ್ಪಿಯ ಕೈ ಹಾದು ಬಂದರೆ ಅಭಿರುಚಿ. ನಮ್ಮವರು ಸಾಲ ಮಾಡಿ ಸಿಮೆಂಟಿನ ಮನೆ ಕಟ್ಟಿದರೆ 'ಅಯ್ಯೋ, ಇವರೂ ಕಾಂಕ್ರೀಟಿಗೆ ಬಿದ್ದರಲ್ಲ' ಎಂದು ಮರುಗುವವರಿದ್ದಾರೆ. ಮಳೆಗಾಲದಲ್ಲಿ ಕುಸಿಯುವ ಗೋಡೆಯ ಪಕ್ಕ ಮಲಗಿದವರಿಗೆ ಸಿಮೆಂಟು ಎಂದರೆ ಮಾನ. ಇದು ತಿಳಿಯದವರು ಹಸಿರಿನ ಮಾತಾಡಬಾರದು.

ಇನ್ನು ಮೊಹರಿನ ಕಟ್ಟಡಗಳು. ಅಮೆರಿಕದಿಂದ ಬಂದ 'ಲೀಡ್' ಇದೆ. ನಮ್ಮದೇ ಎನ್ನಲು 'ಗೃಹ' ಇದೆ, ಕೇಂದ್ರ ಸರ್ಕಾರ 2007ರಲ್ಲಿ ಒಪ್ಪಿಕೊಂಡ ಅಳತೆ. ವಿದ್ಯುತ್ ಉಳಿಸಿದರೆ ಅಂಕ, ನೀರು ಉಳಿಸಿದರೆ ಅಂಕ, ಮರ ಉಳಿಸಿದರೆ ಅಂಕ. ಪರೀಕ್ಷೆಯ ಹಾಗೆ ಅಂಕ ಕೂಡಿಸಿ ದರ್ಜೆ ಕೊಡುತ್ತಾರೆ. 'ಗೃಹ'ದ ಅಳತೆಗಳಲ್ಲಿ ಕಟ್ಟುವ ಕೂಲಿಯವರ ನೈರ್ಮಲ್ಯ, ಸುರಕ್ಷತೆಗೂ ಜಾಗ ಇತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಅದು ಗಾರೆ ಕೆಲಸ ನಡೆಯುವವರೆಗಿನ ಮಾತು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದು ಹಲಗೆ ಕಟ್ಟಿ, ಸೆಂಟ್ರಿಂಗ್ ಹೊಡೆದು, ಮೋಲ್ಡ್ ಹಾಕಿದವರು ಕಟ್ಟಡ ಮುಗಿದ ದಿನ ಶೀಟಿನ ಗುಡಿಸಲು ಕಿತ್ತುಕೊಂಡು ಮುಂದಿನ ಸೈಟಿಗೆ ಹೋಗುತ್ತಾರೆ. ಅವರ ಬಾಳು ಸುಸ್ಥಿರವೇ ಎಂದು ಯಾವ ಕಾಲಮ್ಮೂ ಕೇಳುವುದಿಲ್ಲ.

2020ರ ಮೇ 5ರಂದು, ಲಾಕ್‌ಡೌನ್ ನಡುವೆ, ಕಟ್ಟಡ ಉದ್ಯಮದ ಮುಖಂಡರು ಮುಖ್ಯಮಂತ್ರಿಗಳನ್ನು ಕಂಡರು. ಅದರ ಬೆನ್ನಿಗೇ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀ ಎಂದ ಮೇಲೆ ಎರಡು ದಿನದಲ್ಲಿ ತೀರ್ಮಾನ ವಾಪಸಾಯಿತು. ಮನುಷ್ಯರನ್ನು ಜಲ್ಲಿ ಮರಳಿನ ಹಾಗೆ ಸೈಟಿನಲ್ಲೇ ರಾಶಿ ಹಾಕಿಟ್ಟುಕೊಳ್ಳಬಹುದು ಎಂದು ಆ ಎರಡು ದಿನ ಈ ನಗರ ಯೋಚಿಸಿತ್ತು. ಇದನ್ನು ನಾವು ಮರೆಯಬಾರದು.

ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೊಳಚೆ ನೀರು ಶುದ್ಧಿ ಮಾಡುವ ಘಟಕ ಇರಲೇಬೇಕು. ಅದೂ ಹಸಿರಿನ ಲೆಕ್ಕಕ್ಕೇ ಸೇರುತ್ತದೆ, ಆ ನೀರು ಗಿಡಕ್ಕೆ ಹೋಗುತ್ತದೆ. ಆದರೆ ಆ ಗುಂಡಿಗೆ ಇಳಿಯುವವರು ಯಾರು? 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಹತ್ತಿರದ ಸೋಮಸಂದ್ರಪಾಳ್ಯದ ಒಂದು ಅಪಾರ್ಟ್‌ಮೆಂಟಿನಲ್ಲಿ ಇಂಥ ಘಟಕ ಶುಚಿ ಮಾಡಲು ಹೋಗಿ ಮೂವರು ಉಸಿರುಕಟ್ಟಿ ಸತ್ತರು. ಮಲಹೊರುವ ಪದ್ಧತಿ ಮತ್ತು ಅಪಾಯದ ಗುಂಡಿ ಕೆಲಸ ನಿಷೇಧಿಸಿದ ಕಾಯಿದೆ 2013ರಲ್ಲೇ ಬಂದಿತ್ತು. ಮೇಲೆ ಹುಲ್ಲುಹಾಸು, ಕೆಳಗೆ ನಮ್ಮ ಹೆಣ. ಕಟ್ಟಡದ ಹಸಿರನ್ನು ಅಳೆಯುವವರು ತಾರಸಿಗೆ ಹತ್ತಿದರೆ ಸಾಲದು, ಆ ಗುಂಡಿಯವರೆಗೂ ಇಳಿದು ನೋಡಬೇಕು.

ಪಶ್ಚಿಮ ಬೆಂಗಳೂರಿನ ನಿಜವಾದ ಲೆಕ್ಕಪುಸ್ತಕ ವೃಷಭಾವತಿ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟುತ್ತಾಳೆ ಎಂದು ನಂಬಿ ಪೂಜಿಸಿದ ನದಿ. ಮಲ್ಲೇಶ್ವರ, ರಾಜಾಜಿನಗರದ ಕಡೆಯ ನೀರೂ ಸೇರಿ, ಮೈಸೂರು ರಸ್ತೆಯ ಪಕ್ಕ ಹರಿದು, ಕೆಂಗೇರಿ ದಾಟಿ ಬಿಡದಿಯ ಹತ್ತಿರ ಬೈರಮಂಗಲ ಕೆರೆ ತುಂಬುತ್ತದೆ. ಮುಂದೆ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ಅಂದರೆ ಮೇಲೆತ್ತಿ ತಂದ ಕಾವೇರಿಯೇ ಬಚ್ಚಲಾಗಿ ವಾಪಸು ಹೋಗುತ್ತದೆ. ನಡುವೆ ಬೈರಮಂಗಲದ ರೈತ ನೊರೆ ಏಳುವ ಅದೇ ನೀರನ್ನು ಹೊಲಕ್ಕೆ ಬಿಡುತ್ತಾನೆ, ಕೂಲಿ ಹೆಂಗಸರು ಅದೇ ಕೆಸರಿನಲ್ಲಿ ಕಾಲಿಟ್ಟು ಕಳೆ ಕೀಳುತ್ತಾರೆ. ಒಂದೊಂದು ಕಟ್ಟಡವೂ ತಾನು ಹಸಿರು ಅನ್ನುತ್ತದೆ, ಎಲ್ಲವೂ ಕೂಡಿ ಹರಿಸುವ ನೀರು ಕಪ್ಪು. ಬೇಲಿಯೊಳಗೆ ಅಳೆದರೆ ಬರುವ ಉತ್ತರ ಬೇರೆ, ಹೊಳೆಯ ಗುಂಟ ನಡೆದು ಅಳೆದರೆ ಬರುವ ಉತ್ತರ ಬೇರೆ.

ಕವಿಗಳಾದ ನಮಗೆ ಇಲ್ಲೊಂದು ಪಾಠ ಇದೆ. ಮಂಚನಬೆಲೆಯಲ್ಲಿ ಹುಟ್ಟಿ, ರಾಜಾಜಿನಗರಕ್ಕೆ ತಾಗಿಕೊಂಡ ಶ್ರೀರಾಮಪುರದ ಕೇರಿಯಲ್ಲಿ ಬೆಳೆದ ಸಿದ್ದಲಿಂಗಯ್ಯನವರ 'ಊರುಕೇರಿ'ಯನ್ನು ನಗರ ಯೋಜನೆಯ ಪುಸ್ತಕವೆಂದು ಯಾರೂ ಓದಿಲ್ಲ. ಓದಬೇಕು. ಈ ಭಾಗದಲ್ಲಿ ಜನ ಎಷ್ಟು ಜಾಗದಲ್ಲಿ, ಯಾರ ಪಕ್ಕದಲ್ಲಿ ಬದುಕಿದರು ಎಂಬುದು ನಕ್ಷೆಗಿಂತ ಅದರಲ್ಲಿ ಚೆನ್ನಾಗಿ ಸಿಗುತ್ತದೆ. ಹಸಿರನ್ನು ಬರೀ ಕಣ್ಣಿನ ಹಬ್ಬ ಮಾಡಿದ ಕಾವ್ಯ ನಮಗೆ ಸಾಕಷ್ಟಿದೆ. ಕೊಡದ ಸಾಲಿನಲ್ಲಿ ನಿಂತವಳ ಕಣ್ಣಿಂದ ಮಳೆಯನ್ನು ಕಂಡ ಪದ್ಯ ಇನ್ನೂ ಬರಬೇಕು.

ಹಾಗಾದರೆ ಏನು ಮಾಡಬೇಕು? ಮಳೆಕೊಯ್ಲು ಬಿಡಿ ಎಂದು ನಾವು ಹೇಳುತ್ತಿಲ್ಲ, ಅದನ್ನು ಒಂಟಿ ಮನೆಯಿಂದ ಬಿಡಿಸಿ ಎಂದು ಹೇಳುತ್ತಿದ್ದೇವೆ. ಕೇರಿಯ ನೂರು ಶೀಟುಗಳ ನೀರು ಒಂದು ದೊಡ್ಡ ತೊಟ್ಟಿಗೆ ಬೀಳಲಿ, ತೊಟ್ಟಿಗೆ ಜಾಗ ಸರ್ಕಾರದ ನೆಲದಲ್ಲಿ ಕೊಡಲಿ. ಕೊಳಗೇರಿ ಅಭಿವೃದ್ಧಿ ಮಂಡಳಿ ಕಟ್ಟುವ ಬಹುಮಹಡಿ ಮನೆಗಳ ತಾರಸಿ ನೀರು ಅಲ್ಲಿರುವ ಎಲ್ಲರ ಹಕ್ಕೆಂದು ಬರೆದುಕೊಡಲಿ. ಹಕ್ಕುಪತ್ರವಿಲ್ಲದೆ ಯಾರೂ ತೊಟ್ಟಿ ಕಟ್ಟುವುದಿಲ್ಲ, ನಾಳೆ ಎಬ್ಬಿಸುತ್ತಾರೆಂಬ ಭಯ ಇರುವವನು ಗಿಡವನ್ನೂ ನೆಡುವುದಿಲ್ಲ. ಆದ್ದರಿಂದ ಹಕ್ಕುಪತ್ರವೇ ಮೊದಲ ಹಸಿರು ಕಾರ್ಯಕ್ರಮ. ಗುಂಡಿಗೆ ಮನುಷ್ಯನನ್ನು ಇಳಿಸಿದ ಕಟ್ಟಡದ ಮೊಹರು ಅವತ್ತೇ ರದ್ದಾಗಬೇಕು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನು ಐದು ಪಾಲಿಕೆ ಮಾಡಿದಾಗ ಪಶ್ಚಿಮಕ್ಕೂ ಒಂದು ಬಂದಿದೆ. ಈ ಬೇಡಿಕೆಗಳನ್ನು ಒಯ್ದು ಅದರ ಮೇಜಿನ ಮೇಲಿಡಬೇಕು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಅಲ್ಲಿ ಕೆರೆ ಇತ್ತು, ನೀರಿತ್ತು, ಹಕ್ಕು ಇರಲಿಲ್ಲ. ನೂರು ವರ್ಷ ತುಂಬುವ ಹೊತ್ತಿಗೆ ಮಳೆಯ ವಿಷಯದಲ್ಲೂ ಅದೇ ಜಗಳ ಶುರುವಾಗಿದೆ. ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ: ಸುಸ್ಥಿರ ಅಭಿವೃದ್ಧಿಯ ಪಾಠ ಬಂದ ದಿನ ಪುಸ್ತಕ ಮುಚ್ಚಿ, ಮಕ್ಕಳ ಕೈಗೆ ಟೇಪು ಕೊಡಿ. ಶಾಲೆಯ ಮಾಳಿಗೆ, ಗೌಡರ ಮನೆಯ ಮಾಳಿಗೆ, ಹಟ್ಟಿಯ ಒಂದು ಮನೆಯ ಸೂರು, ಮೂರನ್ನೂ ಅಳೆಸಿ. ನಿಮ್ಮ ತಾಲ್ಲೂಕಿನ ಮಳೆಯಿಂದ ಗುಣಿಸಿ, ಮನೆಯಲ್ಲಿರುವ ಜನರಿಂದ ಭಾಗಿಸಲು ಹೇಳಿ. ಉತ್ತರಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ. ಆಮೇಲೆ ಮಕ್ಕಳು ಕೇಳುವ ಪ್ರಶ್ನೆಗಳನ್ನು ನಮಗೆ ಬರೆದು ಕಳಿಸಿ.