‘ಅವನು’ ‘ಅದು’ ಆಗುವ ಗಳಿಗೆ: ಕಾಫ್ಕಾನ ‘ರೂಪಾಂತರ’

ಫ್ರಾಂಜ್ ಕಾಫ್ಕಾ 1912ರಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ಜರ್ಮನ್ ನೀಳ್ಗತೆ ‘ರೂಪಾಂತರ’ವನ್ನು ಮಾಂತ್ರಿಕ ವಾಸ್ತವವಾದದ ಪೂರ್ವರೂಪವೆಂದು ಗುರುತಿಸುವುದುಂಟು. ಆ ಹೆಸರು ಬಳಕೆಗೆ ಬಂದದ್ದು ಅನಂತರ. ಫ್ರಾಂಜ್ ರೋ 1925ರಲ್ಲಿ ಅದನ್ನು ಚಿತ್ರಕಲೆಗೆ ಅನ್ವಯಿಸಿದನು. ಆದರೂ ಅದು ಇಲ್ಲಿಗೆ ಒಪ್ಪುತ್ತದೆ. ಊರೂರು ತಿರುಗಿ ಬಟ್ಟೆ ಮಾರುವ ಗ್ರೆಗರ್ ಸಾಮ್ಸಾ ಒಂದು ಬೆಳಿಗ್ಗೆ ಹುಳುವಾಗಿ ಎಚ್ಚರಗೊಳ್ಳುತ್ತಾನೆ; ಅವನ ಚಿಂತೆಯೋ ತಪ್ಪಿಹೋದ ರೈಲಿನದು. ಅದ್ಭುತ ಅದೊಂದೇ, ಉಳಿದದ್ದೆಲ್ಲ ಸಾಲ, ಸಂಬಳ, ಬಾಡಿಗೆಯ ಲೆಕ್ಕ.

ಶುಭಸಂದೇಶದ ಅದ್ಭುತಗಳು ಕುಷ್ಠರೋಗಿಯನ್ನು ಮರಳಿ ಸಮುದಾಯಕ್ಕೆ ಸೇರಿಸುತ್ತವೆ. ಕಾಫ್ಕಾನ ಅದ್ಭುತವು ಮೊದಲೇ ಇದ್ದ ಪರಕೀಯತೆಯನ್ನು ಬಯಲಿಗೆಳೆಯುತ್ತದೆ. ತಂದೆಯ ಸಾಲಕ್ಕಾಗಿ ದುಡಿಯುತ್ತಿದ್ದ ಗ್ರೆಗರ್‌ನ ಹಣವನ್ನು ಮನೆಯವರು ಕೃತಜ್ಞತೆಯಿಂದಲೇ ಸ್ವೀಕರಿಸುತ್ತಿದ್ದರು. ಅಕ್ಕರೆ ಮಾತ್ರ ಅದಾಗಲೇ ಆರಿತ್ತು. ಈಗ ಅವರ ಮಾತೆಲ್ಲ ಅವನಿಗೆ ತಿಳಿಯುತ್ತದೆ. ಅವನಿಗೆ ತಿಳಿಯುತ್ತದೆ ಎಂಬುದು ಅವರಿಗೆ ತಿಳಿಯದು. ಮೊದಲು ಅನ್ನವಿಟ್ಟ ತಂಗಿ ಗ್ರೇಟೆಯೇ ಕೊನೆಗೆ ಅಣ್ಣನ ಹೆಸರೆತ್ತಲು ಒಪ್ಪದೆ, ‘ಅದನ್ನು’ ತೊಲಗಿಸಬೇಕೆನ್ನುತ್ತಾಳೆ. ‘ಅವನು’ ‘ಅದು’ಗಳ ಅಂತರವನ್ನು ದಿನವೂ ಪಾಲಿಸುವ ಕನ್ನಡಿಗರಿಗೆ ಈ ಪಲ್ಲಟದ ಕ್ರೌರ್ಯವನ್ನು ವಿವರಿಸಬೇಕಿಲ್ಲ.

ತಂದೆ ಎಸೆದ ಸೇಬಿನ ಗಾಯವನ್ನೂ ಮನೆಯವರನ್ನು ಪ್ರೀತಿಯಿಂದ ನೆನೆಯುತ್ತಾ ಬಂದ ಸಾವನ್ನೂ ಕಂಡು ಗ್ರೆಗರ್‌ನನ್ನು ಕ್ರಿಸ್ತಸದೃಶನೆನ್ನುವುದು ಸುಲಭ. ಅದು ಪ್ರಾಗ್ ನಗರದ ಯೆಹೂದಿ ಲೇಖಕನಿಗೆ ನಮ್ಮ ನಿಲುವಂಗಿ ತೊಡಿಸಿದಂತೆ. ಈ ಸಾವಿನಿಂದ ಯಾರ ಹೃದಯವೂ ಪರಿವರ್ತನೆಯಾಗುವುದಿಲ್ಲ. ತಂದೆ ದೇವರಿಗೆ ಕೃತಜ್ಞತೆ ಹೇಳಿ ಶಿಲುಬೆಯ ಗುರುತು ಹಾಕುತ್ತಾನೆ. ಮೂವರು ಹೆಂಗಸರೂ ಹಾಗೆಯೇ ಮಾಡುತ್ತಾರೆ. ಬಳಿಕ ಕುಟುಂಬವು ಟ್ರಾಮ್ ಹತ್ತಿ ವಿಹಾರಕ್ಕೆ ಹೊರಡುತ್ತದೆ. ದುಂದುಗಾರ ಮಗನ ಸಾಮತಿಯಲ್ಲಿ ತಂದೆ ಓಡಿಬಂದು ಅಪ್ಪಿಕೊಂಡದ್ದು ಸತ್ತಿದ್ದವನು ಬದುಕಿ ಬಂದನೆಂದು. ಇಲ್ಲಿಯ ಸ್ತೋತ್ರ ಮಗ ಸತ್ತನೆಂದು.

ನಮ್ಮ ದೈವಶಾಸ್ತ್ರಕ್ಕೆ ಪಾಠ ಬೇರೆಡೆಯಿದೆ. ಮುಖಪುಟದಲ್ಲಿ ಹುಳುವಿನ ಚಿತ್ರ ಬೇಡವೆಂದು ಕಾಫ್ಕಾ ಪ್ರಕಾಶಕರನ್ನು ಕೋರಿದ್ದನು. ಕತೆಯೊಳಗೂ ನಿರೂಪಕನು ಕೊನೆಯುಸಿರಿನವರೆಗೆ ಅವನನ್ನು ಗ್ರೆಗರ್ ಎಂದೇ ಕರೆಯುತ್ತಾನೆ. ಮನೆಯವರು ಕಿತ್ತುಕೊಂಡ ಹೆಸರನ್ನು ಕತೆ ಕಾಪಾಡಿದೆ. ಹಾಸಿಗೆ ಹಿಡಿದವರಿಗೆ ಪರಮ ಪ್ರಸಾದ ಒಯ್ಯುವ ನಾವು, ಅವರ ಎದುರಿನಲ್ಲೇ ಅವರು ಇಲ್ಲವೆಂಬಂತೆ ಮನೆಯವರು ಮಾತನಾಡುವುದನ್ನು ಕೇಳಿದ್ದೇವೆ. ನಮ್ಮ ಗುರುವಿದ್ಯಾರ್ಥಿಗಳು ಈ ಕತೆಯನ್ನು ಓದಲಿ. ಅಂಥ ಕೋಣೆಗೆ ಕಾಲಿಟ್ಟಾಗ, ಉತ್ತರ ಬಾರದಿದ್ದರೂ, ಮೊದಲು ರೋಗಿಯನ್ನು ಹೆಸರು ಹಿಡಿದು ಮಾತನಾಡಿಸಲಿ.